ಓಕ್ ದಿಮ್ಮಿಯ ಗೋಡೆ

ಇಂಗ್ಲೆಂಡಿನ ಎಸೆಕ್ಸ್‌ನಲ್ಲಿ ಗ್ರೀನ್‌ಸ್ಟೆಡ್ ಅಂತೊಂದು ಹಳ್ಳಿ. ಅಲ್ಲಿನ ಆಂಗ್ಲಿಕನ್ ಚರ್ಚು ಸೇಂಟ್ ಆಂಡ್ರ್ಯೂದ ಗೋಡೆ ಕಲ್ಲಿನದಲ್ಲ, ಮರದ್ದು. ಓಕ್ ದಿಮ್ಮಿಗಳನ್ನು ಉದ್ದಕ್ಕೆ ಸೀಳಿ, ಉಬ್ಬು ಮೈ ಹೊರಗೆ, ಚಪ್ಪಟೆ ಮೈ ಒಳಗೆ ಬರುವಂತೆ ಒತ್ತೊತ್ತಾಗಿ ನಿಲ್ಲಿಸಿದ್ದಾರೆ. ಅಕ್ಕಪಕ್ಕದ ದಿಮ್ಮಿಗಳ ಅಂಚಿಗೆ ತೋಡು ಕೊರೆದು, ನಡುವೆ ತೆಳು ಮರದ ಪಟ್ಟಿ ತೂರಿಸಿದ್ದಾರೆ. ಗಾಳಿ, ಮಳೆ ಸಂದಿಯಲ್ಲಿ ನುಗ್ಗುವುದಿಲ್ಲ.

ಮರದ ಬೆಳವಣಿಗೆಯ ಉಂಗುರ ಎಣಿಸಿದಾಗ ಸಿಕ್ಕ ಕಾಲ 1063ರಿಂದ 1108ರ ನಡುವೆ. ಅದಕ್ಕೂ ಮೊದಲು 9ನೇ ಶತಮಾನದ್ದೆಂದೇ ನಂಬಿದ್ದರು.

ಇಂಥ ಗೋಡೆಗೆ ಮಳೆಗಿಂತ ದೊಡ್ಡ ಶತ್ರು ನೆಲದ ತೇವ. ಬುಡ ಕೊಳೆತಿದ್ದರಿಂದ 1848ರಲ್ಲಿ ಶುರುವಾದ ದುರಸ್ತಿಯಲ್ಲಿ ಆ ಭಾಗ ಕತ್ತರಿಸಿ, ಇಟ್ಟಿಗೆ ಕಟ್ಟೆಯ ಮೇಲೆ ಮತ್ತೆ ನಿಲ್ಲಿಸಿದರು. ದಿಮ್ಮಿ ಗಿಡ್ಡವಾಯಿತು, ಆದರೆ ಉಳಿಯಿತು. ಒಳಮೈಯಲ್ಲಿ ಬಾಚಿಯ ಏಟು ಇನ್ನೂ ಕಾಣುತ್ತದೆ. ಒಂಬೈನೂರು ವರ್ಷದ ಹಿಂದಿನ ಬಡಗಿಯ ಕೈಯೇ ಅಲ್ಲವೇ ಅದು!