ಮೆಟ್ಟಿಲು ಇಳಿಸಿದೆ, ಬಸ್ ಇಳಿಯಲಿಲ್ಲ

ಪುಣೆಯ ಭೋಸರಿಯಲ್ಲಿ ಬಸ್ ಬಾಡಿ ಕಟ್ಟುವ ಕಾರ್ಖಾನೆಯೊಂದರಲ್ಲಿ ಡ್ರಾಯಿಂಗ್ ಕೆಲಸಕ್ಕೆ ಸೇರಿದ ಮೊದಲ ವರ್ಷ. ಧಾರವಾಡದಿಂದ ಅವ್ವ ಬಂದು ನನ್ನ ಜೊತೆ ಇದ್ದಳು. ಅವಳಿಗೆ ಮೊಣಕಾಲು ನೋವು. ಸಿಟಿ ಬಸ್ ಬಂದರೆ ಎರಡೂ ಕೈಯಲ್ಲಿ ಕಂಬಿ ಹಿಡಿದು, ಮೈಯನ್ನೇ ಎಳೆದುಕೊಂಡು ಹತ್ತುತ್ತಿದ್ದಳು. ನೋಡಿ ನೋಡಿ ನನಗೆ ತಡೆಯಲಿಲ್ಲ. ಬಾಗಿಲಿನ ಡ್ರಾಯಿಂಗ್ ನನ್ನ ಕೈಗೆ ಬಂದಾಗ, ಕೆಳಗೆ ಇನ್ನೊಂದು ಮೆಟ್ಟಿಲು ಸೇರಿಸಿದೆ.

ಬಸ್ಸನ್ನು ಮೊದಲ ಸಲ ಓಡಿಸಿ ನೋಡಿದ ದಿನವೇ ಆ ಮೆಟ್ಟಿಲು ಸ್ಪೀಡ್ ಬ್ರೇಕರ್‌ಗೆ ಬಡಿದು ಮಡಚಿಕೊಂಡಿತು.

ನಮ್ಮ ವೆಲ್ಡಿಂಗ್ ಮಿಸ್ತ್ರಿ ವಿಜಯಪುರದ ಕಡೆಯವರು. ಬೈಯಲಿಲ್ಲ. "ಮೆಟ್ಟಿಲು ಇಳಿಸಿದ್ರ ಬಸ್ ಇಳಿತೈತೇನ್ರಿ ಸರ? ತಳಗ ಏನೇನ್ ಐತಿ ನೋಡ್ ಬರ್ರಿ" ಅಂತ ಬಸ್ಸಿನ ಅಡಿ ನೋಡಲು ತೋಡಿದ ಗುಂಡಿಯೊಳಗೆ ಇಳಿಸಿದರು.

ಕೆಳಗಿನಿಂದ ನೋಡಿದಾಗಲೇ ನನಗೆ ಅರ್ಥವಾಗಿದ್ದು. ಅದು ಲಾರಿಯ ಚಾಸಿ, ಅಂದರೆ ಬಾಡಿ ಹೊರುವ ಅಡಿಗಟ್ಟು. ಮುಂದೆ ಎಂಜಿನ್, ಅಲ್ಲಿಂದ ಹಿಂದಿನ ಚಕ್ರದವರೆಗೆ ಚಕ್ರ ತಿರುಗಿಸುವ ಉದ್ದನೆಯ ಶಾಫ್ಟ್, ಆಕ್ಸಲ್ ಮೇಲೆ ಲೀಫ್ ಸ್ಪ್ರಿಂಗ್, ಅದರ ಮೇಲೆ ನೇರವಾದ ಎರಡು ಕಬ್ಬಿಣದ ತೊಲೆ. ಇಷ್ಟೆಲ್ಲದರ ಮೇಲೆ ನಾವು ಹಲಗೆ ಹಾಸುತ್ತೇವೆ. ನೆಲ ಒಂದು ಮೀಟರ್ ದಾಟದೆ ಇನ್ನೇನು? ಸರಕು ಹೊರಲು ಅದು ಸರಿ. ಅವ್ವ ಹತ್ತುತ್ತಿದ್ದದ್ದು ಲಾರಿಯನ್ನು.

ಹಾಗಾದರೆ ನೆಲವೇ ತಗ್ಗಾಗಿರುವ ಲೋ ಫ್ಲೋರ್ ಬಸ್ ಹೇಗೆ ಮಾಡಿದರು? ಅದನ್ನು ಹುಡುಕಿಕೊಂಡು ಓದಿದೆ. ಜರ್ಮನಿಯಲ್ಲಿ 1980ರ ದಶಕದ ಕೊನೆಗೆ ಮರ್ಸಿಡಿಸ್‌ನ ಓ 405 ಎನ್ ಥರದ ಬಸ್‌ಗಳು ಬಂದವು. ಅವುಗಳಲ್ಲಿ ಎಂಜಿನ್ ಹಿಂದೆ, ಉದ್ದನೆಯ ಶಾಫ್ಟ್ ಇಲ್ಲ. ನನಗೆ ಜಾಸ್ತಿ ಹಿಡಿಸಿದ್ದು ಪೋರ್ಟಲ್ ಆಕ್ಸಲ್. ಮಾಮೂಲಿ ಆಕ್ಸಲ್ ಒಂದು ಚಕ್ರದ ನಡುವಿನಿಂದ ಇನ್ನೊಂದರ ನಡುವಿಗೆ ನೇರ ಹೋಗುತ್ತದೆ. ಇಲ್ಲಿ ಚಕ್ರದ ಬಳಿ ಗಿಯರ್ ಕೂಡಿಸಿ ಆಕ್ಸಲನ್ನೇ ಕೆಳಗೆ ಇಳಿಸಿದ್ದಾರೆ. ಎರಡೂ ಚಕ್ರಕ್ಕೆ ಶಕ್ತಿ ಹಂಚುವ ಗಿಯರ್ ಡಬ್ಬಿ, ಡಿಫರೆನ್ಷಿಯಲ್, ಒಂದು ಪಕ್ಕಕ್ಕೆ ಸರಿದಿದೆ. ಹಾಗಾಗಿ ನಡುವೆ ಜನ ಓಡಾಡಲು ಜಾಗ ಸಿಗುತ್ತದೆ. ಸ್ಪ್ರಿಂಗ್ ಬದಲು ಗಾಳಿಚೀಲ. ನಿಲ್ದಾಣದಲ್ಲಿ ಗಾಳಿ ಬಿಟ್ಟರೆ ಬಸ್ ಬಾಗಿಲ ಕಡೆಗೆ ಒಂದಿಷ್ಟು ವಾಲುತ್ತದೆ. ಎಷ್ಟು ಚಂದದ ಕೆಲಸ ಅಲ್ವಾ?

ಇದಕ್ಕೆ ಬೆಲೆಯೂ ಇದೆ. ಚಕ್ರಗಳನ್ನು ಮುಚ್ಚುವ ಡಬ್ಬಿಗಳು ಒಳಗೆ ಎದ್ದು ನಿಂತು ಸೀಟಿನ ಜಾಗ ತಿನ್ನುತ್ತವೆ. ಖರ್ಚೂ ಜಾಸ್ತಿ. ಅದಕ್ಕೇ ಕೆಲವರು ಅರ್ಧ ಬಸ್ಸನ್ನು ಮಾತ್ರ ತಗ್ಗಿಸಿದರು. ಬೆಂಗಳೂರಿನ ವಜ್ರ ವೋಲ್ವೋ ನೆನಪಿಸಿಕೊಳ್ಳಿ. ಮುಂದೆ ತಗ್ಗು, ನಡುವಿನ ಬಾಗಿಲು ದಾಟಿದರೆ ಮೆಟ್ಟಿಲು. ಆ ಮೆಟ್ಟಿಲ ಆಚೆಯ ಎತ್ತರದ ನೆಲದ ಕೆಳಗೇ ಆಕ್ಸಲ್, ಎಂಜಿನ್. ಬ್ರೆಜಿಲ್‌ನ ಕುರಿಟಿಬಾ ಊರಿನವರು 1991ರಲ್ಲಿ ಉಲ್ಟಾ ಮಾಡಿದರು. ಬಸ್ಸಿನ ನೆಲದ ಎತ್ತರ ಹಾಗೇ ಬಿಟ್ಟು ನಿಲ್ದಾಣವನ್ನೇ ಎತ್ತರಿಸಿದರು. ನಮ್ಮ ಪುಣೆಯ ಬಿಆರ್‌ಟಿ, ಅಂದರೆ ಬಸ್ಸಿಗೇ ಬೇರೆ ದಾರಿ ಬಿಟ್ಟ ಮಾರ್ಗಗಳ, ನಿಲ್ದಾಣಗಳೂ ಅದೇ ದಾರಿಯವು.

ನಮ್ಮ ದೇಶದ ನಗರ ಬಸ್ ಮಾನದಂಡದಲ್ಲಿ ನೆಲದ ಎತ್ತರ 400, 650, 900 ಮಿಲಿಮೀಟರ್ ಎಂದು ಮೂರು ಬಗೆ. ಕಾರ್ಖಾನೆಯಲ್ಲಿ ಬಹಳ ಜನ 650 ಸಾಕು ಅನ್ನುತ್ತಾರೆ. ಹಂಪ್ ಇದೆ, ಮಳೆಗಾಲದಲ್ಲಿ ನೀರು ನಿಲ್ಲುತ್ತದೆ, ನಿಜ. ಆದರೂ ನಾನು 400ರ ಪರ. ಹಂಪ್ ಸರಿಮಾಡಬಹುದು, ಅವ್ವನ ಮೊಣಕಾಲು ಸರಿಹೋಗುವುದಿಲ್ಲ.

ಮತ್ತೆ, 400 ಅಂದರೆ ಯಾವುದರಿಂದ 400? ರಸ್ತೆಯಿಂದ. ಫುಟ್‌ಪಾತ್ 150 ಎತ್ತರ ಇದ್ದು ಬಸ್ ಅದಕ್ಕೆ ಒತ್ತಿ ನಿಂತರೆ ಅವ್ವ ಎತ್ತಬೇಕಾದದ್ದು 250 ಅಷ್ಟೇ. ಬಸ್ ದೂರ ನಿಂತರೆ ರಸ್ತೆಗೆ ಇಳಿದು ಪೂರಾ 400 ಹತ್ತಬೇಕು. ಇದು ಯಾವ ಡ್ರಾಯಿಂಗ್‌ನಲ್ಲೂ ಕಾಣುವುದಿಲ್ಲ. ಈಗ ಹೊಸ ಬಾಗಿಲು ಬರೆಯುವ ಮುಂಚೆ ಟೇಪ್ ಹಿಡಿದು ನಿಗಡಿ ಸ್ಟಾಪಿಗೆ ಹೋಗುತ್ತೇನೆ. ರಜೆ ಇದ್ದರೆ ಮಿಸ್ತ್ರಿಯೂ ಬರುತ್ತಾರೆ. ಬಸ್ ನಿಂತ ಕೂಡಲೇ ಬಗ್ಗಿ ಅಳೆಯುತ್ತಾರೆ.

"ಎರಡೂವರೆ ಫೂಟ್ ದೂರ ಐತ್ರಿ ಸರ. ಬರಕೋರಿ."