ಪದ್ಮಿನಿಯ ಕಿಟಕಿ ರಬ್ಬರ್: ಮುಂದಿನ ಬಾಗಿಲು ಮುಗಿಯಿತು

ನನ್ನ ಹಳೇ ಪದ್ಮಿನಿ ಕಾರಿನ ಮುಂದಿನ ಎರಡು ಬಾಗಿಲುಗಳಿಗೆ ಗಾಜು ಜಾರುವ ಚಾನೆಲ್ ಮತ್ತು ಗಾಜಿಗೆ ಒತ್ತಿ ನಿಲ್ಲುವ ರಬ್ಬರ್ ಪಟ್ಟಿ ಹಾಕಿ ಆಯಿತು. ಹಿಂದಿನ ಬಾಗಿಲುಗಳು ಮತ್ತು ಮುಂದಿನ ತಿರುಗುವ ಪುಟ್ಟ ಗಾಜಿನ ರಬ್ಬರ್ ಬಾಕಿ ಇವೆ. ಹಾಕುವ ಕೆಲಸಕ್ಕಿಂತ ಸರಿಯಾದ ಸಾಮಾನು ಹುಡುಕುವುದಕ್ಕೇ ಜಾಸ್ತಿ ಸಮಯ ಹೋಯಿತು. ಅದನ್ನೇ ಇಲ್ಲಿ ವಿವರವಾಗಿ ಬರೆಯುತ್ತೇನೆ.

ಕಾರು 1983ರ ಪ್ರೀಮಿಯರ್ ಪದ್ಮಿನಿ. ಜೋರು ಮಳೆ ಬಂದರೆ ಡ್ರೈವರ್ ಕಡೆಯ ಮ್ಯಾಟ್ ಒದ್ದೆಯಾಗುತ್ತಿತ್ತು. ಗುಂಡಿ ಸಿಕ್ಕರೆ ಗಾಜು ಕಟಕಟ ಅನ್ನುತ್ತಿತ್ತು. ಬಾಗಿಲಿನ ಒಳಬದಿ ಮುಚ್ಚುವ ಡೋರ್ ಪ್ಯಾಡ್ ಬಿಚ್ಚಿದಾಗ ಕಾರಣ ಕಂಡಿತು. ಗಾಜಿನ ಹೊರಗಿನ ರಬ್ಬರ್ ಪಟ್ಟಿ ಹಳೇ ಹಪ್ಪಳದ ಹಾಗೆ ಮುರಿಯುತ್ತಿತ್ತು. ಚಾನೆಲ್ಲಿನೊಳಗಿನ ಮೆತ್ತನೆ ಬಟ್ಟೆ, ಅಂದರೆ ಫೆಲ್ಟ್, ಸವೆದು ತಗಡು ಕಾಣುತ್ತಿತ್ತು. ಪ್ಯಾಡಿನ ಹಿಂದೆ ಇರಬೇಕಾದ ಪ್ಲಾಸ್ಟಿಕ್ ಹಾಳೆ ಇರಲೇ ಇಲ್ಲ.

ಒಂದು ವಿಷಯ ಗೊತ್ತಿರಬೇಕು. ಹೊಸ ಕಾರಿನಲ್ಲೂ ಬಾಗಿಲಿನೊಳಗೆ ಸ್ವಲ್ಪ ನೀರು ಇಳಿದೇ ಇಳಿಯುತ್ತದೆ. ಹೊರಗಿನ ಪಟ್ಟಿ ಹೆಚ್ಚಿನ ನೀರನ್ನು ತಡೆಯುತ್ತದೆ. ಉಳಿದದ್ದು ಬಾಗಿಲಿನ ತಳದ ತೂತುಗಳಿಂದ ಹೊರಗೆ ಹೋಗಬೇಕು. ಆ ತೂತು ಮುಚ್ಚಿಕೊಂಡರೆ ಎಷ್ಟು ಒಳ್ಳೆ ರಬ್ಬರ್ ಹಾಕಿದರೂ ಬಾಗಿಲಿನ ತಳ ತುಕ್ಕು ಹಿಡಿಯುತ್ತದೆ. ಅದಕ್ಕೇ ಮೊದಲು ತಂತಿ ಹಾಕಿ ಮಣ್ಣು ತೆಗೆದೆ. ತುಕ್ಕು ಉಜ್ಜಿ ರೆಡ್ ಆಕ್ಸೈಡ್ ಬಳಿದೆ.

ಆಮೇಲೆ ಕಾರಿನ ಬಿಡಿಭಾಗದ ಅಂಗಡಿಗಳಿರುವ ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋದೆ. 'ಪದ್ಮಿನಿ ಡೋರ್ ರಬ್ಬರ್' ಅಂತ ಕೇಳಿದರೆ ಬಾಗಿಲಿನ ಸುತ್ತ ಬರುವ ಬೀಡಿಂಗ್ ತೆಗೆದು ಕೊಡುತ್ತಾರೆ. ಅದು ಬೇರೆ ಸಾಮಾನು. ಗಾಜಿಗೆ ಬೇಕಾಗಿರುವುದು ಹೊರಗಿನ ಪಟ್ಟಿ, ಒಳಗಿನ ಪಟ್ಟಿ ಮತ್ತು ಗಾಜು ಜಾರುವ ಯು ಆಕಾರದ ಚಾನೆಲ್. ಪದ್ಮಿನಿಯ ಹೆಸರು ಅಚ್ಚಾದ ಪ್ಯಾಕೆಟ್‌ಗಳು ಸಿಕ್ಕವು, ಆದರೆ ಆ ಪ್ಯಾಕೆಟ್‌ಗಳಲ್ಲಿದ್ದ ಪಟ್ಟಿ ದಪ್ಪ ಜಾಸ್ತಿ. ಮುಂಬೈಯ ರಸ್ತೆಗಳಿಂದ ಪದ್ಮಿನಿ ಟ್ಯಾಕ್ಸಿಗಳು ಕೊನೆಯದಾಗಿ ಹೋದದ್ದು 2023ರ ಅಕ್ಟೋಬರ್‌ನಲ್ಲಿ. ಟ್ಯಾಕ್ಸಿ ಓಡುವ ತನಕ ಈ ಸಾಮಾನಿಗೆ ದಿನಾ ಗಿರಾಕಿ ಇದ್ದರು. ಈಗ ನಮ್ಮಂಥ ಕೆಲವರು ಮಾತ್ರ.

ಹಳೇ ಅಂಗಡಿಯೊಂದರ ಯಜಮಾನರು ಹೇಳಿದ ಮಾತು ಕೆಲಸ ಮಾಡಿತು. "ಕಾರಿನ ಹೆಸರು ಬಿಡಿ ಸಾರ್, ಪೀಸ್ ತೋರಿಸಿ" ಅಂದರು. ಮನೆಗೆ ಬಂದು ಹಳೇ ಚಾನೆಲ್ಲಿನ ಚೆನ್ನಾಗಿದ್ದ ಜಾಗವನ್ನು ನೇರವಾಗಿ ಕತ್ತರಿಸಿದೆ. ಕತ್ತರಿಸಿದ ತುದಿಯನ್ನು ಸ್ಟ್ಯಾಂಪ್ ಪ್ಯಾಡಿಗೆ ಒತ್ತಿ ಕಾಗದದ ಮೇಲೆ ಅಚ್ಚು ತೆಗೆದೆ. ಪಕ್ಕದಲ್ಲಿ ಗಾಜಿನ ದಪ್ಪ, ಚಾನೆಲ್ ಕೂರುವ ಸಂದಿಯ ಅಗಲ, ಆಳ ಬರೆದುಕೊಂಡೆ. ಆ ಕಾಗದ ಮತ್ತು ತುಂಡು ಎರಡನ್ನೂ ನೋಡಿದ್ದೇ ಅವರು ಮೀಟರ್ ಲೆಕ್ಕದಲ್ಲಿ ಮಾರುವ ರೋಲ್ ಇಳಿಸಿದರು. ಅದರ ಮೇಲೆ ಯಾವ ಕಾರಿನ ಹೆಸರೂ ಇಲ್ಲ. ಅಳತೆ ಮಾತ್ರ ಸರಿಯಾಗಿ ಕೂತಿತು. ಹಳೇ ಕಾರು ಇಟ್ಟುಕೊಂಡವರು ಕಿತ್ತ ರಬ್ಬರನ್ನು ಗುಜರಿಗೆ ಹಾಕಬೇಡಿ ಅಂತ ನಾನು ಎಲ್ಲರಿಗೂ ಹೇಳುವುದು ಇದಕ್ಕೇ.

ಹೊರಗಿನ ಪಟ್ಟಿಗೆ ಇಪಿಡಿಎಂ ಅನ್ನುವ ಕೃತಕ ರಬ್ಬರನ್ನೇ ಕೇಳಿ ತಂದೆ. ಸಾಮಾನ್ಯ ರಬ್ಬರ್ ಬಿಸಿಲಿಗೆ, ಗಾಳಿಯಲ್ಲಿರುವ ಓಝೋನ್‌ಗೆ ಬಿರುಕು ಬಿಡುತ್ತದೆ. ಇಪಿಡಿಎಂ ಎರಡನ್ನೂ ಚೆನ್ನಾಗಿ ತಡೆಯುತ್ತದೆ. ಅಗ್ಗದ ಪಿವಿಸಿ ಪಟ್ಟಿಯನ್ನು ಮಡಚಿ ಸ್ವಲ್ಪ ಹೊತ್ತು ಹಿಡಿದು ಬಿಟ್ಟರೆ ಮಡಿಕೆ ಹಾಗೇ ಉಳಿಯುತ್ತದೆ. ಒಳ್ಳೆ ರಬ್ಬರ್ ತಟ್ಟನೆ ನೇರವಾಗುತ್ತದೆ. ಅಂಗಡಿಯಲ್ಲೇ ಮಾಡಿ ನೋಡಬಹುದು.

ಕೂರಿಸುವಾಗ ಸೋಪಿನ ನೀರು ಸಾಕು. ಗ್ರೀಸ್, ಎಂಜಿನ್ ಆಯಿಲ್ ಖಂಡಿತ ಬೇಡ, ಎಣ್ಣೆ ತಾಗಿದರೆ ಇಪಿಡಿಎಂ ಉಬ್ಬಿ ಮೆತ್ತಗಾಗುತ್ತದೆ. ಚಾನೆಲ್ಲಿಗೆ ಸಿಲಿಕೋನ್ ಸ್ಪ್ರೇ ಹೊಡೆದೆ. ಹೊಸ ಫೆಲ್ಟ್ ಬಿಗಿಯಾಗಿದ್ದರಿಂದ ಮೊದಲು ಗಾಜು ಏರಿಸುವ ಹ್ಯಾಂಡಲ್ ಭಾರ ಅನಿಸಿತು. ಚಾನೆಲ್ ಹಿಡಿದಿರುವ ಗೈಡ್ ಬೋಲ್ಟ್‌ಗಳನ್ನು ಸಡಿಲ ಮಾಡಿ, ಗಾಜನ್ನು ಪೂರ್ತಿ ಏರಿಸಿ, ಅದೇ ಜಾಗದಲ್ಲಿ ಬಿಗಿ ಮಾಡಿದ ಮೇಲೆ ಹಗುರಾಯಿತು. ಒಳಗೆ ದಪ್ಪ ಪಾಲಿಥೀನ್ ಹಾಳೆ ಅಂಟಿಸಿ, ಅದರ ಕೆಳಗಿನ ಅಂಚನ್ನು ಬಾಗಿಲಿನೊಳಗೆ ಮಡಚಿದೆ. ಪೈಪಿನಲ್ಲಿ ನೀರು ಬಿಟ್ಟು ನೋಡಿದೆ. ತಳದ ತೂತಿನಿಂದ ನೀರು ಇಳಿಯಿತು, ಮ್ಯಾಟ್ ಒಣಗೇ ಇತ್ತು. ತುಂಬಾ ಖುಷಿಯಾಯಿತು!

ಕಷ್ಟ ಇರುವುದು ಮುಂದಿನ ಪುಟ್ಟ ಗಾಜಿನಲ್ಲಿ. ಅದು ನಡುವಿನ ಕೀಲಿನ ಮೇಲೆ ತಿರುಗುತ್ತದೆ. ಮುಂದಿನ ಅರ್ಧ ಒಳಗೆ ಬಂದರೆ ಹಿಂದಿನ ಅರ್ಧ ಹೊರಗೆ ಹೋಗುತ್ತದೆ. ಹಾಗಾಗಿ ರಬ್ಬರಿನ ತುಟಿ ಕೀಲಿನ ಹತ್ತಿರ ಪಕ್ಕ ಬದಲಾಯಿಸಬೇಕು. ಮೀಟರ್ ಲೆಕ್ಕದ ಪಟ್ಟಿ ಇಲ್ಲಿ ಆಗುವುದಿಲ್ಲ, ಅಚ್ಚಿನಲ್ಲೇ ತೆಗೆಯಬೇಕು. ಪ್ಯಾಕೆಟ್ ಒಡೆಯದ ಹಳೇ ಸ್ಟಾಕ್ ಒಂದು ಸಿಕ್ಕಿತ್ತು, ಕೂತಲ್ಲೇ ಗಟ್ಟಿಯಾಗಿ ಹೋಗಿತ್ತು. ಪದ್ಮಿನಿಯ ಮೂಲ ಫಿಯಾಟ್ 1100, ಇಟಲಿಯಲ್ಲಿ ಅದಕ್ಕೆ ಇಂದಿಗೂ ರಬ್ಬರ್ ಮಾಡುವವರಿದ್ದಾರೆ. ಆದರೆ ಸಾಗಣೆ, ಕಸ್ಟಮ್ಸ್ ಸೇರಿದರೆ ನನ್ನ ಕೈಗೆ ಎಟುಕುವುದಿಲ್ಲ.

ಪೀಣ್ಯದಲ್ಲಿ ರಬ್ಬರ್ ಮೋಲ್ಡಿಂಗ್ ಮಾಡುವವರೊಬ್ಬರ ಹತ್ತಿರ ಮಾತಾಡಿದ್ದೇನೆ. ಒಂದು ಜೋಡಿಗೆ ಅಚ್ಚು ಮಾಡಿದರೆ ಖರ್ಚು ಗಿಟ್ಟುವುದಿಲ್ಲ, ಪದ್ಮಿನಿ ಇರುವ ಕೆಲವರು ಸೇರಿದರೆ ಮಾಡಿಕೊಡುತ್ತೇನೆ ಅಂದಿದ್ದಾರೆ. ಎಡಗಡೆಯ ಹಳೇ ರಬ್ಬರ್ ಇನ್ನೂ ಆಕಾರ ಉಳಿಸಿಕೊಂಡಿದೆ, ಅದನ್ನೇ ಸ್ಯಾಂಪಲ್ ಆಗಿ ಕೊಟ್ಟಿದ್ದೇನೆ. ಜೊತೆಗೆ ಸೇರುವವರನ್ನು ಕೇಳುತ್ತಿದ್ದೇನೆ. ಅಷ್ಟರಲ್ಲಿ ಹಿಂದಿನ ಬಾಗಿಲುಗಳನ್ನು ಬಿಚ್ಚುತ್ತೇನೆ, ಅದಕ್ಕೆ ಬೇಕಾದಷ್ಟು ಚಾನೆಲ್ ಅದೇ ರೋಲಿನಿಂದ ಕತ್ತರಿಸಿ ತಂದಿಟ್ಟಿದ್ದೇನೆ.