ಚರ್ಮದ ಕ್ಯಾಪ್ಸೂಲೂ ಲೆಕ್ಕಕ್ಕೆ ಬರುತ್ತದೆ

ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವವರಿಗೆ ಮದುವೆ, ಜಾತ್ರೆಗಳ ಕಾಲದಲ್ಲಿ ಪದೇ ಪದೇ ಕೇಳಿಬರುವ ಮಾತು: "ಲೂಸ್ ಮೋಷನ್ ನಿಲ್ಲುವುದಕ್ಕೆ ಮಾತ್ರೆ ಕೊಡಿ." ಚೀಟಿ ಇರುವುದಿಲ್ಲ. ಬೇಕಾಗಿರುವುದು ಹೆಚ್ಚಾಗಿ 2 ಮಿಲಿಗ್ರಾಂ ಲೋಪೆರಮೈಡ್. ಜ್ವರವಿದ್ದರೆ, ಮಲದಲ್ಲಿ ರಕ್ತ ಹೋಗುತ್ತಿದ್ದರೆ ನಾನು ಅದನ್ನು ಕೊಡುವುದಿಲ್ಲ, ವೈದ್ಯರಲ್ಲಿಗೆ ಕಳುಹಿಸುತ್ತೇನೆ.

"ಬೇರೆ ಮಾತ್ರೆ ತೆಗೆದುಕೊಳ್ಳುತ್ತಿದ್ದೀರಾ?" ಎಂದರೆ ಬರುವ "ಇಲ್ಲ" ನನಗೆ ಸಾಲದು. ಜನ ಬಿಪಿ, ಶುಗರ್ ಮಾತ್ರೆಗಳನ್ನಷ್ಟೇ ಲೆಕ್ಕಕ್ಕೆ ಹಿಡಿಯುತ್ತಾರೆ. ಒಬ್ಬ ಯುವಕನೂ ಹಾಗೆಯೇ ಇಲ್ಲವೆಂದ. ಮಾತಿನ ನಡುವೆ ಕತ್ತು ಕೆರೆದುಕೊಳ್ಳುತ್ತಿದ್ದ. ಕಾಲರಿನ ಅಂಚಿನಲ್ಲಿ ಕೆಂಪು ಉಂಗುರ ಕಾಣಿಸಿತು.

"ಹುಳುಕಡ್ಡಿಗೆ ಏನಾದರೂ ನುಂಗುತ್ತಿದ್ದೀರಾ?"

"ಕ್ಯಾಪ್ಸೂಲ್ ಇದೆ ಸರ್, ಅದು ಚರ್ಮಕ್ಕಲ್ಲವೇ?"

ಮೊಬೈಲಿನಲ್ಲಿದ್ದ ಚೀಟಿಯ ಫೋಟೋ ತೋರಿಸಿದ. ಶಿಲೀಂಧ್ರ ಸೋಂಕಿನ ಔಷಧಿ ಇಟ್ರಾಕೊನಜೋಲ್.

ಲೋಪೆರಮೈಡ್ ಓಪಿಯಾಯ್ಡ್, ಅಂದರೆ ಅಫೀಮಿನಂಥ ಔಷಧಿಗಳ ಗುಂಪಿನದು. ಆದರೂ ಅಮಲು ಬರಿಸುವುದಿಲ್ಲ. ಹೆಚ್ಚಿನ ಪಾಲನ್ನು ಕರುಳು ಮತ್ತು ಯಕೃತ್ತಿನ ಕಿಣ್ವಗಳು ಒಡೆದುಹಾಕುತ್ತವೆ, ಉಳಿದದ್ದು ಮಿದುಳಿಗೆ ನುಗ್ಗದಂತೆ ಪಿ-ಗ್ಲೈಕೊಪ್ರೋಟೀನ್ ಎಂಬ ಪ್ರೋಟೀನು ಹೊರದಬ್ಬುತ್ತದೆ. ಇಟ್ರಾಕೊನಜೋಲ್ ಈ ಎರಡೂ ಕಾವಲನ್ನು ತಡೆಯುತ್ತದೆ. ಆಗ ದೇಹಕ್ಕೆ ಸಿಗುವ ಲೋಪೆರಮೈಡ್ ಸುಮಾರು ನಾಲ್ಕು ಪಟ್ಟಾಗಬಹುದು. ಒಂದು ಮಾತ್ರೆಯಿಂದ ಅನಾಹುತವಾಗುವುದು ವಿರಳ, ನಿಜ. ಆದರೆ ಭೇದಿ ನಿಲ್ಲಲಿಲ್ಲವೆಂದು ಮೇಲಿಂದ ಮೇಲೆ ನುಂಗುವವರನ್ನು ದಿನವೂ ನೋಡುತ್ತೇನೆ. ಮಿತಿ ಮೀರಿದ ಲೋಪೆರಮೈಡ್ ಹೃದಯ ಬಡಿತದ ಲಯವನ್ನೇ ಕೆಡಿಸಬಲ್ಲದು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2016ರಲ್ಲಿ ಈ ಎಚ್ಚರಿಕೆ ಕೊಟ್ಟಿತು. ಸಾಲದ್ದಕ್ಕೆ ಭೇದಿಯಲ್ಲಿ ಪೊಟ್ಯಾಸಿಯಂ ಕಳೆದುಹೋಗಿರುತ್ತದೆ, ಅದೂ ಲಯ ತಪ್ಪಲು ಕಾರಣವಾಗುತ್ತದೆ. ಆ ಯುವಕನಿಗೆ ಓಆರ್‌ಎಸ್ ಮಾತ್ರ ಕೊಟ್ಟೆ. ಒಂದು ಲೀಟರಿನ ಪ್ಯಾಕೆಟ್ಟನ್ನು ಲೋಟದ ನೀರಿಗೆ ಸುರಿಯಬೇಡಿ ಎಂದೂ ಹೇಳಿದೆ, ಹಾಗೆ ಮಾಡುವವರು ಬಹಳ.

ಈಗ ನಾನು ಬಿಡಿಸಿ ಕೇಳುತ್ತೇನೆ: ಚರ್ಮಕ್ಕೆ? ಗಂಟಲಿಗೆ? ರಕ್ತದ ಕೊಬ್ಬಿಗೆ? ಲೋಪೆರಮೈಡಿನ ಮಟ್ಟವನ್ನು ಹೀಗೆಯೇ ಏರಿಸುವ ಕ್ಲಾರಿಥ್ರೊಮೈಸಿನ್, ಜೆಮ್‌ಫೈಬ್ರೊಜಿಲ್ ಸಿಕ್ಕಿಬೀಳುವುದು ಆಗಲೇ. ಎಚ್‌ಐವಿ ಚಿಕಿತ್ಸೆಯ ರಿಟೊನವಿರ್ ಕೂಡ ಇದೇ ಸಾಲಿನದು. ಅದನ್ನು ತೆಗೆದುಕೊಳ್ಳುವವರು ನಾಲ್ಕು ಜನರೆದುರು ಬಾಯಿ ಬಿಡುವುದಿಲ್ಲ, ಬಿಡಬೇಕಾಗಿಯೂ ಇಲ್ಲ. ಆದ್ದರಿಂದ ಅಂಗಡಿಯಲ್ಲಿ ಜನ ತುಂಬಿದ್ದರೆ, ಭೇದಿಗೆ ಮಾತ್ರೆ ಕೇಳಿದವರನ್ನೆಲ್ಲ ಕೌಂಟರಿನ ತುದಿಗೆ ಕರೆದು, ದನಿ ತಗ್ಗಿಸಿ ಕೇಳುತ್ತೇನೆ.